ಡಬ್ಬದ ಮೇಲಿನ ವ್ಯಾಟ್ ನಂಬಿ ಎಸ್‌ಎಂಪಿಎಸ್ ತರಬೇಡಿ

ಮನೆಯಲ್ಲೇ ಪಿಸಿ ಜೋಡಿಸುವವರು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ "ಕ್ಯಾಬಿನೆಟ್ ಜೊತೆ 500 ವ್ಯಾಟ್ ಎಸ್‌ಎಂಪಿಎಸ್ ಫ್ರೀ ಸಾರ್" ಅಂದರೆ ತಲೆಯಾಡಿಸಿ ಬಂದುಬಿಡುತ್ತಾರೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಪವರ್ ಸಪ್ಲೈ. ಆ ಪುಕ್ಕಟೆ ಮಾಲನ್ನು ಒಮ್ಮೆ ತಿರುಗಿಸಿ ಲೇಬಲ್ ಓದಿ. 12 ವೋಲ್ಟ್ ಅಂತ ಇರುವ ಕಡೆ 18 ಆಂಪಿಯರ್ ಅಂತಿದ್ದರೆ ಗುಣಿಸಿ: 216 ವ್ಯಾಟ್. ಅಷ್ಟೇ ನಿಮ್ಮ ಪಾಲಿಗೆ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಕರೆಂಟ್ ಹೋಗುವುದು ಬಹುಪಾಲು 12 ವೋಲ್ಟಿನಿಂದಲೇ, 3.3 ಮತ್ತು 5 ವೋಲ್ಟಿನ ಅಂಕಿ ಸೇರಿಸಿ ಉಬ್ಬಿಸಿದ ಮೊತ್ತದಿಂದ ಉಪಯೋಗವಿಲ್ಲ. ಒಳ್ಳೆಯ 550 ವ್ಯಾಟಿನದ್ದಾದರೆ 12 ವೋಲ್ಟಿನಲ್ಲೇ 45 ಆಂಪಿಯರ್ ಆಸುಪಾಸು ಇರುತ್ತದೆ. ಹಿಂದೆ 115/230ರ ಕೆಂಪು ಸ್ವಿಚ್ ಇದ್ದರಂತೂ ಅಲ್ಲೇ ಬಿಟ್ಟು ಬನ್ನಿ. ಹಳೇ ಕಾಲದ ವಿನ್ಯಾಸ ಅದು. ಯಾರಾದರೂ ತಪ್ಪಿ 115ಕ್ಕೆ ಸರಿಸಿ ಪ್ಲಗ್ ಹಾಕಿದರೆ ಢಮಾರ್.

ಎಷ್ಟು ಬೇಕು? ರೈಜನ್ 5 7600 ಹೆಚ್ಚೆಂದರೆ 88 ವ್ಯಾಟ್, ಆರ್‌ಟಿಎಕ್ಸ್ 4060 ಕಾರ್ಡಿಗೆ 115, ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ ಒಂದು 60. ಒಟ್ಟು 263. 550 ಧಾರಾಳ ಸಾಕು, 850 ಬರೀ ದಂಡ. ದೊಡ್ಡ ಕಾರ್ಡುಗಳ ಲೆಕ್ಕ ಬೇರೆ. 320 ವ್ಯಾಟಿನ ಆರ್‌ಟಿಎಕ್ಸ್ 3080ಯಂಥವು ಕಣ್ಣು ಮಿಟುಕಿಸುವುದರೊಳಗೆ ಅದಕ್ಕಿಂತ ಬಹಳ ಜಾಸ್ತಿ ಎಳೆದು ಬಿಡುತ್ತವೆ. ಎಸ್‌ಎಂಪಿಎಸ್‌ನೊಳಗಿನ ರಕ್ಷಣಾ ಸರ್ಕ್ಯೂಟ್ ಹೆದರಿ, ಆಟದ ಮಧ್ಯೆ ಪಿಸಿ ತಟಕ್ಕನೆ ಆಫ್. ಈ ಎಳೆತ ತಾಳಬೇಕೆಂಬ ನಿಯಮ ಬಂದದ್ದು ಎಸ್‌ಎಂಪಿಎಸ್‌ಗಳ ಮಾನದಂಡವಾದ ಎಟಿಎಕ್ಸ್‌ನ 2022ರ 3.0 ಆವೃತ್ತಿಯಲ್ಲಿ. ದೊಡ್ಡ ಕಾರ್ಡು ಹಾಕುವವರು ಅದನ್ನೋ 3.1ನ್ನೋ ಕೇಳಿ ತನ್ನಿ.

ಗೋಲ್ಡ್, ಬ್ರಾಂಜ್ ಸ್ಟಿಕರ್ ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಅಂತ ಮಾತ್ರ. ಅರ್ಧ ಲೋಡಿನಲ್ಲಿ ಎಳೆದ ಕರೆಂಟಿನಲ್ಲಿ ಪಿಸಿಗೆ ತಲುಪುವುದು ಬ್ರಾಂಜ್‌ನಲ್ಲಿ ಶೇ. 85, ಗೋಲ್ಡ್‌ನಲ್ಲಿ ಶೇ. 90; ಉಳಿದದ್ದು ಪೋಲು. 250 ವ್ಯಾಟ್ ಲೋಡನ್ನು ದಿನಕ್ಕೆ 5 ಗಂಟೆ ಓಡಿಸಿದರೆ ತಿಂಗಳಿಗೆ ಉಳಿಯುವುದು ಎರಡೂವರೆ ಯೂನಿಟ್. ಹಾಗಾಗಿ ಬಿಲ್ ಉಳಿಸಲೆಂದು ಗೋಲ್ಡ್ ಬೇಡ. ವಾರಂಟಿ 5 ವರ್ಷಕ್ಕೆ ಕಮ್ಮಿ ಇರದಂತೆ ನೋಡಿಕೊಳ್ಳಿ.

ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ಸಿಕ್ಕಿಸಬಹುದಾದ ಎಸ್‌ಎಂಪಿಎಸ್ ತಂದವರು ಹಳೇ ಎಸ್‌ಎಂಪಿಎಸ್‌ನ ಕೇಬಲ್ಲುಗಳನ್ನು ಹೊಸದಕ್ಕೆ ಸಿಕ್ಕಿಸಲೇಬಾರದು. ತುದಿ ಸರಿಯಾಗಿ ಕೂರುತ್ತದೆ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮಕ್ಕೆ ಯಾವ ಕಟ್ಟುಪಾಡೂ ಇಲ್ಲ. 5 ವೋಲ್ಟ್ ಬರಬೇಕಾದ ಕಡೆ 12 ಬಂದು ಹಾರ್ಡ್ ಡಿಸ್ಕ್ ಸುಟ್ಟ ಮೇಲೇ ಗೊತ್ತಾಗುವುದು. ಕಾರ್ಡಿನಲ್ಲಿ 8 ಪಿನ್ನಿನ ಎರಡು ಸಾಕೆಟ್ ಇದ್ದರೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದರ ಬಾಲಕ್ಕೇ ಇನ್ನೊಂದು ಬೇಡ.

ಇನ್ನೊಂದು ದೂರು ಪದೇ ಪದೇ ಕಾಣುತ್ತದೆ: ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಬದಲಾಯಿಸುತ್ತಾರೆ, ಹೊಸದೂ ಜುಮ್! ಅರ್ಥಿಂಗ್ ಸರಿ ಇಲ್ಲ ಅಷ್ಟೆ. ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನು ಅರ್ಥಿಗೆ ಬಿಡುತ್ತವೆ, ಅರ್ಥ್ ಇಲ್ಲದಿದ್ದರೆ ಅದು ತಗಡಿನಲ್ಲೇ ನಿಲ್ಲುತ್ತದೆ. ಮೀಟರ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದೇ ಸಾಕೆಟ್ಟಿನಲ್ಲಿ ನೋಡಿಸಿ: ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಹೆಚ್ಚೆಂದರೆ ಎರಡು-ಮೂರು ವೋಲ್ಟ್ ಬರಬೇಕು.