ರಾಜಿ ಮಾಡಿಸುವವರುಂಟು, ಕಲಿಸುವವರೆಲ್ಲಿ?

ನಾನಿರುವ ಅಮೆರಿಕದಲ್ಲಿ ಸಂಘರ್ಷ ನಿರ್ವಹಣೆ, ಮಧ್ಯಸ್ಥಿಕೆ ಕಲಿಸುವ ಮೇಷ್ಟ್ರುಗಳಿಗೆ ಸ್ವಂತ ಸೂರು ಕಡಿಮೆ. ಒಬ್ಬರು ಲಾ ಸ್ಕೂಲಿನಲ್ಲಿ, ಇನ್ನೊಬ್ಬರು ಬಿಸಿನೆಸ್ ಸ್ಕೂಲಿನಲ್ಲಿ, ನನ್ನಂಥವರು ಎರಡು ವಿಭಾಗಗಳ ನಡುವೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಹಾಗೆ ಇದಕ್ಕೆಂದೇ ಒಂದು ಶಾಲೆ ಕಟ್ಟಿದವರು ವಿರಳ. ಆದರೂ ಇದು ಇಲ್ಲಿ ಒಂದು ವೃತ್ತಿ. ಎಲ್ಲ ವ್ಯಾಜ್ಯವೂ ನ್ಯಾಯಾಧೀಶರ ಮುಂದೆಯೇ ಬರಬೇಕೇ ಎಂದು ಹಾರ್ವರ್ಡ್‌ನ ಕಾನೂನು ಪ್ರೊಫೆಸರ್ ಫ್ರಾಂಕ್ ಸ್ಯಾಂಡರ್ 1976ರಲ್ಲಿ ಎತ್ತಿದ ಪ್ರಶ್ನೆ ನ್ಯಾಯಾಲಯಗಳನ್ನೂ ತರಗತಿಗಳನ್ನೂ ಒಟ್ಟಿಗೇ ಮುಟ್ಟಿತು.

ನಮ್ಮ ದೇಶದಲ್ಲಿ ನ್ಯಾಯಾಲಯ ಮೊದಲು ಹೊರಟಿತು, ತರಗತಿ ಹಿಂದೆ ಉಳಿಯಿತು. ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಕಳಿಸಲು ನ್ಯಾಯಾಲಯಕ್ಕೆ ದಾರಿ ಮಾಡಿಕೊಡುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರಲ್ಲಿ ಜಾರಿಗೆ ಬಂತು, ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು, 40 ಗಂಟೆಯ ತರಬೇತಿ ಪಡೆದ ವಕೀಲರು ಕಕ್ಷಿದಾರರನ್ನು ಎದುರುಬದುರು ಕೂರಿಸಿ ಮಾತಾಡಿಸತೊಡಗಿದರು. ಕಾನೂನು ಕಾಲೇಜುಗಳಲ್ಲಿ ಇದನ್ನು ಕಡ್ಡಾಯ ವಿಷಯ ಮಾಡಿ ಬಾರ್ ಕೌನ್ಸಿಲ್ ಹೇಳಿದ್ದು 2020ರಲ್ಲಿ. ಮಧ್ಯಸ್ಥಿಕೆ ಕಾಯ್ದೆ ಬಂದದ್ದು 2023ರಲ್ಲಿ. ಕಡ್ಡಾಯವೇನೋ ಆಯಿತು, ಕಲಿಸುವವರು? ಇರುವ ಉಪನ್ಯಾಸಕರ ಟೈಮ್‌ಟೇಬಲ್ಲಿಗೇ ಇನ್ನೊಂದು ಪೀರಿಯಡ್ ಸೇರಿಸಿ ಕೈತೊಳೆದುಕೊಂಡಾರೆಂಬ ಭಯ ನನ್ನದು.

ಏಕೆಂದರೆ ಈ ವಿದ್ಯೆ ನೋಟ್ಸ್‌ನಿಂದ ಬರುವಂಥದ್ದಲ್ಲ. ಒಂದು ಕಲ್ಪಿತ ವ್ಯಾಜ್ಯ ಕೊಡುತ್ತೇವೆ. ಎರಡೂ ಕಡೆಯವರಿಗೆ ಗುಟ್ಟಿನ ಚೀಟಿ ಬೇರೆಬೇರೆ, ನಡುವೆ ಕೂರುವ ವಿದ್ಯಾರ್ಥಿಗೆ ಅವು ಗೊತ್ತಿಲ್ಲ. ಒಂದೇ ವ್ಯಾಜ್ಯ ಒಂದು ಗುಂಪಿನಲ್ಲಿ ಹತ್ತು ನಿಮಿಷಕ್ಕೆ ಮುರಿದು ಬೀಳುತ್ತದೆ, ಪಕ್ಕದ ಗುಂಪಿನಲ್ಲಿ ಯಾರೂ ಊಹಿಸದ ಒಪ್ಪಂದವಾಗುತ್ತದೆ. ಹೀಗೇಕಾಯಿತು ಎಂದು ಆಮೇಲೆ ಕೂತು ಬಿಡಿಸುವುದೇ ನಿಜವಾದ ಪಾಠ. ಕಾನೂನು ಓದಿದವರಂತೂ ಎರಡನೇ ಮಾತಿಗೇ ತೀರ್ಪು ಕೊಟ್ಟುಬಿಡುತ್ತಾರೆ! ಆ ಚಟ ಬಿಡಿಸುವುದಕ್ಕೇ ಅರ್ಧ ಸೆಮಿಸ್ಟರ್ ಬೇಕು. ನೂರು ಜನರ ತರಗತಿಯಲ್ಲಿ, ವರ್ಷದ ಕೊನೆಗೊಂದು ಮೂರು ಗಂಟೆಯ ಪರೀಕ್ಷೆ ಇಟ್ಟು, ಇದನ್ನು ಮಾಡಲಾಗದು. ಸರಿಯಾದ ಹೊತ್ತಿಗೆ ಸುಮ್ಮನಿದ್ದವನಿಗೆ ಯಾವ ಉತ್ತರ ಪತ್ರಿಕೆಯಲ್ಲಿ ಅಂಕ ಕೊಡುವುದು?

ಹಾಗಂತ ಇಲ್ಲಿನದೇ ಮೇಲು ಎನ್ನಲಾರೆ. ಇಲ್ಲಿ ನೌಕರಿ ಖಾಯಂ ಆಗಬೇಕಾದರೆ ಪ್ರಬಂಧಗಳು ಬೇಕು. ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತು ಗೋಪ್ಯ, ಬರೆಯುವಂತಿಲ್ಲ. ಹಾಗಾಗಿ ಎಳೆಯ ಅಧ್ಯಾಪಕರು ಆ ಕೋಣೆಯ ಕಡೆ ಸುಳಿಯದೆ, ವಿದ್ಯಾರ್ಥಿಗಳನ್ನೇ ಜಗಳವಾಡಿಸಿ ಅಂಕಿಅಂಶ ಬರೆದುಕೊಳ್ಳುತ್ತಾರೆ. ನಿಜವಾದ ಗಂಡ-ಹೆಂಡತಿಯ, ಅಣ್ಣ-ತಮ್ಮಂದಿರ ಮುನಿಸಿನ ಎದುರು ಒಮ್ಮೆಯೂ ಕೂರದ ಪ್ರೊಫೆಸರುಗಳನ್ನು ನಾನು ಕಂಡಿದ್ದೇನೆ. ನಮ್ಮ ಕೇಂದ್ರಗಳ ಹಿರಿಯ ಮಧ್ಯಸ್ಥಗಾರರಿಗೆ ಆ ಕೊರತೆಯಿಲ್ಲ. ಅವರಿಗಿಲ್ಲದ್ದು ಕಾಲೇಜಿನಲ್ಲೊಂದು ಕುರ್ಚಿ.

ಅದಕ್ಕೂ ದಾರಿಯಿದೆ. ಪಿಎಚ್‌ಡಿ ಇಲ್ಲದಿದ್ದರೂ 15 ವರ್ಷದ ಅನುಭವವಿರುವ ವೃತ್ತಿಪರರನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂದು ನೇಮಿಸಿಕೊಳ್ಳಬಹುದೆಂದು ಯುಜಿಸಿ 2022ರಲ್ಲೇ ಹೇಳಿದೆ. ಹಿರಿಯ ಮಧ್ಯಸ್ಥಗಾರರನ್ನು ಕಾಲೇಜಿಗೆ ಕರೆತರಲು ಇದಕ್ಕಿಂತ ಸಲೀಸಾದ ಬಾಗಿಲು ನನಗೆ ಕಾಣದು. ತಕರಾರಿರುವುದು ಅವಧಿಯ ಬಗ್ಗೆ: ಮೂರು ವರ್ಷ, ತೀರಾ ಬೇಕಾದರೆ ನಾಲ್ಕು. ಐದು ವರ್ಷದ ಎಲ್‌ಎಲ್‌ಬಿಗೆ ಸೇರಿದ ಹುಡುಗಿ ಪದವಿ ಪಡೆಯುವ ಮೊದಲೇ ಮೇಷ್ಟ್ರು ಮನೆಗೆ ಹೋಗಿರುತ್ತಾರೆ.