ಡಿಕ್ಕಿಯಲ್ಲಿ ಅಂಬಾಸಡರ್

ಮನೆತನದಲ್ಲಿ ಸಣ್ಣ ಕಾರು ಇಟ್ಟುಕೊಂಡವನ ಪಾಡು ದೊಡ್ಡ ಕಾರಿನವರಿಗೆ ಗೊತ್ತಾಗುವುದಿಲ್ಲ. ಇನ್ನೋವಾ ಇದ್ದವನನ್ನು ಯಾರೂ ಸಾಮಾನು ಹೊರಲು ಕರೆಯುವುದಿಲ್ಲ. ಸೀಟು ಹೊಲಸಾದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸಂಕೋಚ. ನನ್ನದು ಆಲ್ಟೋ. ಅದಕ್ಕೆ ಆ ಮರ್ಯಾದೆ ಇಲ್ಲ. ಜೋಳದ ಚೀಲ, ಗ್ಯಾಸ್ ಸಿಲಿಂಡರ್, ಸೀಮಂತದ ಬುತ್ತಿ, ಯಾರದೋ ಹೊಲಿಗೆ ಮಷೀನ್, ಎಲ್ಲವನ್ನೂ ಹೊತ್ತಿದೆ. ಆದರೆ ಅದರೊಳಗೆ ಇನ್ನೊಂದು ಕಾರಿನ ಎಂಜಿನ್ ಇಟ್ಟು ತರುವ ವಿಚಾರ ನಮ್ಮ ಕಾಕಾನನ್ನು ಬಿಟ್ಟು ಬೇರೆ ಯಾರಿಗೂ ಹೊಳೆಯಲಾರದು. ಡಿಕ್ಕಿಯನ್ನು ಸರ್ಫ್ ಹಾಕಿ ತೊಳೆದೆ, ಲಿಂಬೆಹಣ್ಣು ತಿಕ್ಕಿದೆ. ಆಯಿಲ್ ವಾಸನೆ ಹೋಗಿಲ್ಲ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕಾಕಾನ ಹತ್ತಿರ ಹಳೆಯ ಅಂಬಾಸಡರ್ ಇದೆ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. ಕಾಕಾ ಇನ್ನೂ ಅದನ್ನು ಒಪ್ಪಿಕೊಂಡಿಲ್ಲ. ಗಾಡಿಯ ಎಂಜಿನ್ ಬ್ಲಾಕ್ ಸೀಳಿದೆ, ಬೆಸುಗೆ ಹಾಕಿದರೂ ನಿಲ್ಲುವುದಿಲ್ಲ ಎಂದು ಬೆಳಗಾವಿಯ ಉದ್ಯಮಬಾಗದ ಮಿಸ್ತ್ರಿ ಕೈಚೆಲ್ಲಿದ. ಗಾಡಿ ಮಾರಿಬಿಡ್ತಾರೆ ಎಂದು ಮನೆಯವರೆಲ್ಲ ಖುಷಿಯಲ್ಲಿದ್ದರು. ಅಷ್ಟರಲ್ಲಿ ಕಾಕಾ ಕೊಲ್ಲಾಪುರದ ಒಂದು ಗುಜರಿಯಲ್ಲಿ ಅದೇ 1489 ಸಿಸಿಯ ಎಂಜಿನ್ ಪತ್ತೆಹಚ್ಚಿದರು.

"ಛೋಟಾ ಹಾತಿ ಟೆಂಪೋ ಬಾಡಿಗಿಗೆ ಮಾಡಿಬಿಡೋಣ್ರಿ ಕಾಕಾ," ಅಂದೆ.

"ಅವಗ ಯಾಕ ರೊಕ್ಕ ಕೊಡೂದು? ನಿನ್ ಗಾಡಿ ಐತಲ್ಲ."

ಲೆಕ್ಕ ನೋಡಿ. ನನ್ನ ಆಲ್ಟೋದ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಡಿಕ್ಕಿಯಲ್ಲಿ ಕೂರಲಿರುವ ಪ್ರಯಾಣಿಕನಿಗೆ ನಾಲ್ಕು ಸಿಲಿಂಡರ್. ಪೂರ್ತಿ ಬೀಡು ಕಬ್ಬಿಣ. ತೂಕ ಒಂದೂವರೆ ಕ್ವಿಂಟಲ್ ಆಸುಪಾಸು. ಎಳೆಯುವವನಿಗಿಂತ ಎಳೆಸಿಕೊಳ್ಳುವವನೇ ದೊಡ್ಡವನು.

ಏರಿಸುವುದು ಸುಲಭವಾಗಿತ್ತು. ಗುಜರಿಯವರ ಹತ್ತಿರ ಚೈನ್ ಪುಲ್ಲಿ ಇತ್ತು. ಹಿಂದಿನ ಸೀಟು ಮಡಚಿ, ಹಳೆಯ ಟೈರ್ ಹಾಸಿ, ಅದರ ಮೇಲೆ ಎಂಜಿನ್ ಇಳಿಸಿ, ಹಗ್ಗ ಬಿಗಿದರು. "ಆಯಿಲ್ ಎಲ್ಲಾ ತಗದೇವ್ರಿ, ಒಂದು ಹನಿ ಇಲ್ಲ," ಎಂದು ಆಣೆ ಮಾಡಿದರು. ನನ್ನ ಗಾಡಿ ಹಿಂದೆ ಕುಸಿದು ಮುಂದೆ ಮೂತಿ ಎತ್ತಿತು. ಸ್ಟೇರಿಂಗ್ ಎಷ್ಟು ಹಗುರಾಯಿತೆಂದರೆ, ಅದು ಗಾಲಿಗೆ ಸೇರಿದ್ದೋ ಇಲ್ಲವೋ ಎಂದೇ ಅನುಮಾನ.

ಕಾಗಲ್ ದಾಟುವಾಗ ನಾಯಿ ಅಡ್ಡ ಬಂತು. ಬ್ರೇಕ್ ಹಾಕಿದೆ. ಹಿಂದಿನ ಹಗ್ಗ ಕಿರ್ ಅಂತು. ಕಾಕಾ ತಕ್ಷಣ ಎಡಗೈ ಹಿಂದೆ ಚಾಚಿ ಎಂಜಿನ್ ಹಿಡಿದರು. "ನಾ ಹಿಡದೀನಿ, ನೀ ಅಂಜಬ್ಯಾಡ!" ಅದು ನಿಜಕ್ಕೂ ಮುಂದೆ ಬಂದಿದ್ದರೆ ಕಾಕಾನನ್ನೂ ನನ್ನನ್ನೂ ಡ್ಯಾಶ್‌ಬೋರ್ಡನ್ನೂ ಒಟ್ಟಿಗೇ ಕರೆದುಕೊಂಡು ಹೋಗುತ್ತಿತ್ತು. ಅಲ್ಲಿಂದ ಬೆಳಗಾವಿ ತನಕ ಆ ಕೈ ಅಲ್ಲೇ ಇತ್ತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನಮ್ಮ ಭಾಗದ ಜನ ರೇಟು ಕೇಳುವ ಚಟ. ಗೊತ್ತಲ್ವಾ? ನೀವು ಎಮ್ಮೆ ತನ್ನಿ, ಟಿವಿ ತನ್ನಿ, ಮೆಂತ್ಯದ ಸಿವುಡು ತನ್ನಿ, ಮೊದಲ ಪ್ರಶ್ನೆ ಒಂದೇ: "ಎಷ್ಟಕ್ಕ ತಗೊಂಡ್ರಿ?" ನೀವು ಏನೇ ಹೇಳಿ, ಉತ್ತರವೂ ಒಂದೇ: "ಜಾಸ್ತಿ ಆತ್ರೀ. ನಮಗ ಒಂದು ಮಾತು ಹೇಳಿದ್ರ ಕಡಿಮಿಗೆ ಕೊಡಸ್ತಿದ್ದೆ."

ಎಂಜಿನ್‌ಗೆ ಕೊಟ್ಟಿದ್ದು ಹದಿನೆಂಟು ಸಾವಿರ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ಹೋಟೆಲಿನವನು ಡಿಕ್ಕಿಯೊಳಗೆ ಇಣುಕಿ ರೇಟು ಕೇಳಿದ. ಕಾಕಾ ಸತ್ಯ ಹೇಳಿದರು. "ಜಾಸ್ತಿ ಆತ್ರೀ," ಅಂದ. ಕಾಕಾನ ಮುಖ ಸಣ್ಣದಾಯಿತು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸುವಾಗ ಹದಿನೈದು ಅಂದರು. ಅಲ್ಲೂ ಜಾಸ್ತಿ ಆಯಿತು. ತವಂದಿ ಘಾಟಿನಲ್ಲಿ ಮುಂದಿನ ಗಾಲಿಗಳು ರಸ್ತೆ ಹಿಡಿಯದೆ ತಿರುಗಿದವು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಅದರ ಡ್ರೈವರ್ ಜೋರಾಗಿ ಹಾಡು ಹಚ್ಚಿದ್ದ. ಅದನ್ನು ಸಣ್ಣ ಮಾಡಿ, ಮೇಲಿನಿಂದಲೇ ಕೂಗಿದ: "ಯಾವ ಗಾಡೀದ್ರಿ? ಎಷ್ಟಕ್ಕ?"

"ಹನ್ನೆರಡು!" ಕಾಕಾ ಕೂಗಿದರು.

"ಜಾಸ್ತಿ ಆತು!"

ಸಂಕೇಶ್ವರಕ್ಕೆ ಬರುವ ಹೊತ್ತಿಗೆ ರೇಟು ಹತ್ತಕ್ಕಿಳಿದಿತ್ತು. ಇದೇ ವೇಗದಲ್ಲಿ ಇಳಿದರೆ ಬೆಳಗಾವಿ ಮುಟ್ಟುವಷ್ಟರಲ್ಲಿ ಗುಜರಿಯವನೇ ನಮಗೆ ಬಾಕಿ ಕೊಡಬೇಕಾಗುತ್ತಿತ್ತು. ಒಬ್ಬನಾದರೂ ಹಗ್ಗ ಬಿಗಿಯಲು ಕೈ ಹಚ್ಚಲಿಲ್ಲ ನೋಡಿ.

ಕತ್ತಲಾಯಿತು. ಮೂತಿ ಎತ್ತಿದ ಗಾಡಿಯ ಲೈಟು ರಸ್ತೆ ಬಿಟ್ಟು ಮರದ ತುದಿ ತೋರಿಸುತ್ತಿತ್ತು. ಎದುರಿನವರೆಲ್ಲ ಡಿಪ್ಪರ್ ಹೊಡೆದು ಬೈಯ್ದರು. ಆಣೆ ಮಾಡಿ ಹೇಳಿದ್ದ ಆ ಇಲ್ಲದ ಹನಿ ಎಂಜಿನ್ ತಳದ ಸಂಪಿನಿಂದ ಇಳಿದು ಮ್ಯಾಟ್ ತುಂಬ ಹರಡಿತ್ತು. ನಾನು ಮಾತು ಬಿಟ್ಟಿದ್ದೆ.

"ನಿಮ್ಮಪ್ಪ ಇದ್ದಿದ್ರ ಛೋಟಾ ಹಾತೀನ ಮಾಡತಿದ್ದ," ಅಂದರು ಕಾಕಾ ಇದ್ದಕ್ಕಿದ್ದಂತೆ. "ಖರ್ಚಿಗೆ ಹೆದರತಿದ್ದಿಲ್ಲ ಅಂವ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಅಂಬಾಸಡರನ್ನು ಅಣ್ಣ ತಮ್ಮ ಇಬ್ಬರೂ ಕೂಡಿಯೇ ತಂದಿದ್ದರು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಮುಂದಿನ ಉದ್ದ ಸೀಟಿನಲ್ಲಿ ಅಪ್ಪ, ಕಾಕಾ, ನಡುವೆ ನಾನು. ಗೇರು ಸ್ಟೇರಿಂಗ್ ಪಕ್ಕದಲ್ಲೇ ಇದ್ದುದರಿಂದ ನನ್ನ ಕಾಲಿಗೆ ಜಾಗ ಇರುತ್ತಿತ್ತು. ಹಿಂದೆ ಎಷ್ಟು ಜನ ಎಂದು ಯಾರೂ ಎಣಿಸುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಆ ಗಾಡಿ ಮಾರುವ ಮಾತು ಬಂದಾಗಲೆಲ್ಲ ಕಾಕಾ ಎದ್ದು ಹೊರಗೆ ಹೋಗುತ್ತಿದ್ದರು. ಕಾಕಿಯ ಪ್ರಕಾರ ಅದು ತಂಬಾಕು ಉಗುಳಲು. ಇರಬಹುದು.

ಹತ್ತರಗಿ ಟೋಲ್ ದಾಟಿದ ಮೇಲೆ ಪೊಲೀಸರು ಕೈ ಮಾಡಿದರು. ಸಹಜ. ಡಿಕ್ಕಿಯಲ್ಲಿ ಎಂಜಿನ್ ಇದ್ದರೆ ನಾನೂ ಅನುಮಾನ ಪಡುತ್ತಿದ್ದೆ. ಆರ್‌ಸಿಯಲ್ಲಿ ಎಂಜಿನ್ ನಂಬರೂ ಇರುತ್ತದೆ. ಬೇರೆ ಎಂಜಿನ್ ಕೂಡಿಸಿದರೆ ಆರ್‌ಟಿಒದಲ್ಲಿ ತಿದ್ದಿಸಬೇಕು. ಹವಾಲ್ದಾರರು ಟಾರ್ಚ್ ಬಿಟ್ಟು ನಂಬರ್ ನೋಡಿದರು. ನಂತರ ದನಿ ತಗ್ಗಿಸಿ, ಮನೆಯವರ ಹಾಗೆ ಕೇಳಿದರು: "ಎಷ್ಟಕ್ಕ ತಗೊಂಡ್ರಿ ಅಜ್ಜಾರ?"

"ಒಂಬತ್ತು."

"ಬಿಲ್ ತೋರಸ್ರಿ."

ಕಾಕಾ ನನ್ನ ಕಡೆ ನೋಡಿದರು. ನಾನು ಮರದ ತುದಿ ನೋಡುತ್ತಿದ್ದೆ. ಹವಾಲ್ದಾರರು ಬಿಲ್ಲಿನ ಮೇಲೆ ಟಾರ್ಚ್ ಹಿಡಿದು, ಜೊತೆಯವರಿಗೂ ಕೇಳುವಂತೆ ಓದಿದರು. "ಹದಿನೆಂಟು ಸಾವಿರ." ಬಿಲ್ ಮಡಚಿ ವಾಪಸ್ ಕೊಟ್ಟರು. "ಒಂಬತ್ತು ಅಂದ್ರೂ ಜಾಸ್ತೀನ ಅಂತಿದ್ದೆ ಬಿಡ್ರಿ. ಹೋಗ್ರಿ."

ಉದ್ಯಮಬಾಗದಲ್ಲಿ ಇಳಿಸುವ ಕಥೆ ಹೇಳುವಷ್ಟು ತಾಳ್ಮೆ ನನಗಿಲ್ಲ. ಮಿಸ್ತ್ರಿಯ ಹತ್ತಿರ ಪುಲ್ಲಿ ಇತ್ತು, ಪುಲ್ಲಿ ಇದ್ದ ಶೆಡ್ಡಿನ ಕೀಲಿ ಅವನ ತಮ್ಮನ ಹತ್ತಿರ ಇತ್ತು, ತಮ್ಮ ಖಾನಾಪುರದಲ್ಲಿ ಮದುವೆಯಲ್ಲಿದ್ದ. ಆ ರಾತ್ರಿ ಎಂಜಿನ್ ನನ್ನ ಗಾಡಿಯಲ್ಲೇ ಮಲಗಿತು. ಬೆಳಿಗ್ಗೆ ಹೊರ ತೆಗೆಯುವಾಗ ಡಿಕ್ಕಿಯ ಅಂಚು ನೆಗ್ಗಿತು. ಗಾಡಿ ಮೇಲೆದ್ದಿತು, ಪೂರ್ತಿ ಅಲ್ಲ. ಹಿಂದಿನ ಎರಡೂ ಶಾಕಪ್ ಹೋಗಿದ್ದವು.

ಶಾಕಪ್ ಹಾಕಿಸಿ, ಡೆಂಟಿಂಗ್ ಮಾಡಿಸಿ, ಮ್ಯಾಟ್ ಹೊಸದು ತಂದು, ಬಿಲ್ ಹಿಡಿದುಕೊಂಡು ನೇರ ಕಾಕಾನ ಮನೆಗೆ ಹೋದೆ. ಛೋಟಾ ಹಾತಿಯ ಬಾಡಿಗೆಗಿಂತ ಎಷ್ಟು ಹೆಚ್ಚಾಗಿದೆ ಎಂದು ತೋರಿಸಬೇಕಿತ್ತು. ಕಾಕಾ ಚಾಳೀಸು ಹಾಕಿಕೊಂಡು ಬಿಲ್ಲನ್ನು ಸಾಲುಸಾಲಾಗಿ ಓದಿದರು. ಮೋರೆ ಸಪ್ಪಗಾಯಿತು. ಬಿಲ್ ನನ್ನ ಕೈಗಿಟ್ಟು ಅಂದರು:

"ಭಾಳ ಜಾಸ್ತಿ ತಗೊಂಡಾನ ತಮ್ಮಾ. ನನಗ ಒಂದು ಮಾತು ಹೇಳಿದ್ರ ಕಡಿಮಿಗೆ ಮಾಡಸ್ತಿದ್ದೆ."