ಕತ್ತರಿಸಿದ ಕೈಗಳ ಕಥೆ ಮತ್ತು 55 ನಿಮಿಷದ ತಾಜ್‌ಮಹಲ್

ನಿನ್ನೆ ರಾತ್ರಿ ಆಗ್ರಾದಿಂದ ಮರಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ತಾಜ್‌ಮಹಲೇ ಕಾಣುತ್ತಿತ್ತು ಎಂದು ಬರೆದರೆ ಕೇಳಲು ಚೆನ್ನಾಗಿರುತ್ತಿತ್ತು. ನಿಜವಾದ ಕಾರಣ ಸಿಟ್ಟು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳಿಗೆ ಸಿಟ್ಟು ಬಂದರೆ ಏನಾಗುತ್ತದೆ ಎಂಬುದು ಇಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತಿದೆ. ಅವರು ಈಗಲೇ ನೆಟ್ಟಗೆ ಕುಳಿತುಕೊಳ್ಳಬಹುದು.

ನಾನೂ ಅಕ್ಕನೂ ಮಗಳ ಮನೆಗೆಂದು ನೋಯ್ಡಾಕ್ಕೆ ಬಂದು ಮೂರು ವಾರವಾಯಿತು. ‘ಇಲ್ಲಿತನಕ ಬಂದು ತಾಜ್‌ಮಹಲ ನೋಡಲಿಲ್ಲಂದ್ರ ಊರಾಗ ಏನು ಹೇಳೂದು’ ಎಂದು ಅಕ್ಕ ದಿನಕ್ಕೆರಡು ಸಲ ಕೇಳುತ್ತಿದ್ದುದರಿಂದ, ಮಗಳು ಒಂದು ಪ್ರವಾಸ ಸಂಸ್ಥೆಯ ಒಂದು ದಿನದ ಪ್ಯಾಕೇಜನ್ನು ಗೊತ್ತುಮಾಡಿದಳು. ಹೋಗಿಬರುವ ರೈಲು, ಆಗ್ರಾದಲ್ಲಿ ಕಾರು, ಊಟ, ಪ್ರವೇಶದ ಟಿಕೆಟ್ಟು, ಜೊತೆಗೊಬ್ಬ ಗೈಡು, ಎಲ್ಲ ಸೇರಿ ಒಂದೇ ದುಡ್ಡು. ನನ್ನ ಮೊಣಕಾಲಿನ ಸ್ಥಿತಿ ಬಲ್ಲವರು ‘ನೀವೇ ಸ್ವಂತವಾಗಿ ಹೋಗಬಹುದಿತ್ತಲ್ಲ ಟೀಚರ್’ ಎಂದು ದಯವಿಟ್ಟು ಬರೆಯಬೇಡಿ.

ರೈಲಿನ ಬಗ್ಗೆ ನನಗೆ ಒಂದಿಷ್ಟೂ ದೂರಿಲ್ಲ. ದೆಹಲಿಯ ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಿಗ್ಗೆ ಆಗ್ರಾಕ್ಕೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ 188 ಕಿಲೋಮೀಟರನ್ನು ನೂರು ನಿಮಿಷಗಳಲ್ಲಿ ಮುಗಿಸುತ್ತದೆ. ಗಂಟೆಗೆ 160 ಕಿಲೋಮೀಟರ್ ವೇಗದ ಈ ಗಾಡಿ ಓಡತೊಡಗಿದ್ದು 2016ರ ಏಪ್ರಿಲ್‌ನಲ್ಲಿ. ತಿಂಡಿಯ ತಟ್ಟೆಯನ್ನು ಖಾಲಿ ಮಾಡಿ ಅಕ್ಕ ಕೈ ಒರೆಸಿಕೊಳ್ಳುವಷ್ಟರಲ್ಲಿ ಹೊರಗಿನ ಗೋಧಿ ಹೊಲಗಳು ಕಣ್ಣಿಗೆ ನಿಲ್ಲದಂತಾಗಿದ್ದವು. ನಾನು ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಬಂದಿದ್ದೆವು. ಗಾಡಿ ಆಗ್ರಾ ಕ್ಯಾಂಟ್‌ನಲ್ಲಿ ನಿಂತಾಗ ಪೇಠಾ ಎಂಬ ಬೂದುಗುಂಬಳದ ಮಿಠಾಯಿಯ ಡಬ್ಬಿ ಹಿಡಿದವರು ಕಿಟಕಿಗೆ ಮುಗಿಬಿದ್ದಿದ್ದರು, ಅಪ್ಪ ಒಂದು ಡಬ್ಬಿ ಕೊಂಡು ‘ಮುಂದಿನ ಸಲ ಇಳಿಯೋಣು’ ಎಂದಿದ್ದರು. ಆ ಮುಂದಿನ ಸಲ ಅವರ ಪಾಲಿಗೆ ಬರಲೇ ಇಲ್ಲ. ಹೀಗಾಗಿ ನಿನ್ನೆ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅದೇ ನಿಲ್ದಾಣದಲ್ಲಿ ಕಾಲಿಟ್ಟಾಗ ನಾನು ಸ್ವಲ್ಪ ಮೆತ್ತಗಾಗಿದ್ದೆ, ಯಾರ ಮೇಲೂ ಸಿಟ್ಟಾಗುವ ಯೋಚನೆ ನನಗಿರಲಿಲ್ಲ.

ಗೈಡು ನಮ್ಮ ಹೆಸರು ಬರೆದ ಹಾಳೆ ಹಿಡಿದು ನಿಂತಿದ್ದ. ವಿನಯವಂತ, ಇಸ್ತ್ರಿ ಮಾಡಿದ ಅಂಗಿ, ಮಾತಿಗೊಮ್ಮೆ ‘ಮಾತಾಜಿ’. ಆಗ್ರಾದಲ್ಲಿ ಪ್ರವಾಸಿಗರನ್ನು ಕೈಹಿಡಿದು ಎಳೆಯುವ ದಲ್ಲಾಳಿಗಳಿಗೆ ‘ಲಪ್ಕಾ’ ಎನ್ನುತ್ತಾರಂತೆ; ಅವರಿಂದ ನಮ್ಮನ್ನು ಕಾಪಾಡುವುದೇ ತನ್ನ ಮೊದಲ ಕರ್ತವ್ಯವೆಂದು ಅವನು ಕಾರಿನಲ್ಲಿಯೇ ಘೋಷಿಸಿದ. ಆಮೇಲೆ ಅವನು ನಮ್ಮನ್ನು ಕರೆದೊಯ್ದ ಕಡೆಗಳನ್ನೆಲ್ಲ ನೆನೆದರೆ, ಲಪ್ಕಾಗಳ ಮೇಲೆ ಅವನಿಗಿದ್ದದ್ದು ವೃತ್ತಿಮತ್ಸರವಿರಬೇಕು ಎನಿಸುತ್ತದೆ.

ಮುಖ್ಯದ್ವಾರದ ಕತ್ತಲೆಯನ್ನು ದಾಟಿ ಆ ಬಿಳಿಯ ಕಟ್ಟಡ ಒಮ್ಮೆಗೇ ಎದುರಾದಾಗ ಅಕ್ಕ ‘ಯವ್ವಾ’ ಎಂದು ನಿಂತುಬಿಟ್ಟಳು. ನನಗೂ ಮಾತು ಹೊರಡಲಿಲ್ಲ. ಆ ಮೌನ ಇನ್ನೈದು ನಿಮಿಷ ಉಳಿದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಗೈಡು ಗಂಟಲು ಸರಿಮಾಡಿಕೊಂಡು ಶುರುಮಾಡಿದ: ಇಪ್ಪತ್ತು ಸಾವಿರ ಜನ, ಇಪ್ಪತ್ತೆರಡು ವರ್ಷ, ಮತ್ತು ಕೆಲಸ ಮುಗಿದ ದಿನ ಇಂಥದ್ದು ಇನ್ನೊಂದು ಆಗಬಾರದೆಂದು ಶಹಜಹಾನ್ ಆ ಕುಶಲಕರ್ಮಿಗಳ ಕೈಗಳನ್ನೆಲ್ಲ ಕತ್ತರಿಸಿಹಾಕಿದ. ಹೇಳುವಾಗ ತನ್ನ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯನ್ನು ಕತ್ತಿಯಂತೆ ಆಡಿಸಿ ತೋರಿಸಿದ. ಅಕ್ಕ ಲೊಚಗುಟ್ಟಿದಳು. ಸುತ್ತಲಿನ ನಾಲ್ಕಾರು ತಂಡಗಳ ಗೈಡುಗಳೂ ಅದೇ ಅಭಿನಯವನ್ನು ಮಾಡುತ್ತಿದ್ದುದನ್ನು ನೋಡಿದೆ. ಇಡೀ ಅಂಗಳದಲ್ಲಿ ಕೈಗಳು ಬೀಳುತ್ತಿದ್ದವು.

ಈ ಕಥೆಗೆ ಆ ಕಾಲದ ಯಾವ ಆಧಾರವೂ ಇಲ್ಲ. ಇರುವ ಆಧಾರಗಳೆಲ್ಲ ಇದಕ್ಕೆ ವಿರುದ್ಧವಾಗಿವೆ. ಮುಮ್ತಾಜ್ ಮಹಲ್ ತೀರಿಕೊಂಡದ್ದು 1631ರಲ್ಲಿ, ದಖ್ಖಣದ ದಂಡಯಾತ್ರೆಗಾಗಿ ಬಾದಶಹನ ಬೀಡು ಬುರ್ಹಾನ್‌ಪುರದಲ್ಲಿದ್ದಾಗ, ಹದಿನಾಲ್ಕನೆಯ ಹೆರಿಗೆಯಲ್ಲಿ. (ಇದನ್ನು ಬರೀ ಪ್ರೇಮದ ಕಥೆಯೆಂದು ಹಾಡಿಹೊಗಳುವವರು ಹೆತ್ತ ಒಬ್ಬ ಹೆಂಗಸನ್ನಾದರೂ ಕೇಳಿ ನೋಡಲಿ.) ಮರುವರ್ಷ ಆಗ್ರಾದಲ್ಲಿ ಕೆಲಸ ಆರಂಭವಾಯಿತು, ಗೋರಿಯ ಕಟ್ಟಡ 1643ರ ವೇಳೆಗೆ ಬಹುಮಟ್ಟಿಗೆ ಮುಗಿದಿತ್ತು, ಸುತ್ತಲಿನದೆಲ್ಲ ಮುಗಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಈ ನಡುವೆ 1639ರಲ್ಲಿ ಇದೇ ಶಹಜಹಾನ್ ದೆಹಲಿಯಲ್ಲಿ ಕೆಂಪುಕೋಟೆಯ ಕೆಲಸ ಹಿಡಿದ, ಅದರ ಸುತ್ತ ಒಂದು ನಗರವನ್ನೇ ಎಬ್ಬಿಸಿದ. ಎರಡೂ ಕಡೆಯ ವಾಸ್ತುಶಿಲ್ಪಿ ಉಸ್ತಾದ್ ಅಹಮದ್ ಲಾಹೋರಿ ಎಂದು ಅವನ ಮಗ ಲುತ್ಫುಲ್ಲಾ ಪದ್ಯದಲ್ಲಿಯೇ ಬರೆದಿಟ್ಟಿದ್ದಾನೆ. ಒಂದಾದ ಮೇಲೊಂದು ಕಟ್ಟಿಸುತ್ತಲೇ ಇರುವ ಹುಚ್ಚಿನ ದೊರೆ ತನ್ನ ನುರಿತ ಕೆಲಸಗಾರರ ಕೈ ಕತ್ತರಿಸಿ ಮುಂದಿನ ಕಟ್ಟಡವನ್ನು ಯಾರಿಂದ ಕಟ್ಟಿಸಿಯಾನು? ಎಂಟನೆಯ ತರಗತಿಯ ಹುಡುಗನೂ ಕೇಳುವ ಪ್ರಶ್ನೆಯಿದು. ನಾನು ಕೇಳಿಯೂ ಬಿಟ್ಟೆ. ಗೈಡು ಮುಗುಳ್ನಕ್ಕು, ‘ಮಾತಾಜಿ, ಲೋಗ್ ಯಹೀ ಸುನನಾ ಚಾಹತೇ ಹೈಂ’ ಎಂದ. ಜನರಿಗೆ ಇದೇ ಬೇಕಂತೆ. ಅಕ್ಕ ನನ್ನ ಸೆರಗು ಜಗ್ಗಿ, ‘ನಿನ್ನ ಸಾಲಿ ರಿಟೈರ್ ಆತಿಲ್ಲ, ಇನ್ನಾದ್ರೂ ಸುಮ್ಮನ ನೋಡವಾ’ ಎಂದಳು.

ಸುಮ್ಮನೆ ನೋಡಲಿಕ್ಕಾದರೂ ಬಿಟ್ಟರೆ? ಟಿಕೆಟ್ಟಿನ ಪ್ರಕಾರ ಮೂರು ಗಂಟೆ ಒಳಗಿರಲು ನಮಗೆ ಹಕ್ಕಿತ್ತು. ಗೈಡು ಕೊಟ್ಟದ್ದು ಲೆಕ್ಕ ಹಾಕಿ 55 ನಿಮಿಷ, ಅದರಲ್ಲಿ ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಫೋಟೋ ತೆಗೆಸಿಕೊಳ್ಳುವ ಸರದಿಗೆ ಹೋಯಿತು. ಭಾರತೀಯರಿಗೆ ಪ್ರವೇಶಕ್ಕೆ 50 ರೂಪಾಯಿ, ಗೋರಿಯ ಬಳಿಗೆ ಹೋಗಲು ಮತ್ತೆ 200. ನಮ್ಮ ಪ್ಯಾಕೇಜಿನಲ್ಲಿ ಈ ಇನ್ನೂರು ಸೇರಿರಲಿಲ್ಲ ಎಂಬುದು ಅಲ್ಲಿಯೇ ತಿಳಿದದ್ದು. ‘ಒಳಗೆ ಎರಡು ಗೋರಿಗಳಷ್ಟೇ ಇವೆ, ಅವೂ ಅಸಲಿಯಲ್ಲ’ ಎಂದ. ಆ ಮಾತು ಮಾತ್ರ ನಿಜ, ನಿಜವಾದ ಸಮಾಧಿಗಳು ಕೆಳಗಿನ ನೆಲಮನೆಯಲ್ಲಿವೆ. ಆದರೆ ಅಷ್ಟು ದೂರ ಬಂದು ಹೊಸ್ತಿಲಲ್ಲಿ ನಿಂತು ಹಿಂತಿರುಗುವುದೆಂದರೇನು? ನಾನೇ ದುಡ್ಡು ಕೊಟ್ಟು, ಚಪ್ಪಲಿಗೆ ಬಟ್ಟೆಯ ಚೀಲ ತೊಡಿಸಿಕೊಂಡು ಒಳಹೋದೆ. ನಡುಮಧ್ಯದಲ್ಲಿ ಮುಮ್ತಾಜಳ ಗೋರಿ. ಪಕ್ಕದಲ್ಲಿ, ಇಡೀ ಕಟ್ಟಡದ ಸಮತೋಲವನ್ನು ಕೆಡಿಸಿಕೊಂಡು, 1666ರಲ್ಲಿ ಸತ್ತು ಬಂದ ಶಹಜಹಾನನದು. ಎಲ್ಲವನ್ನೂ ಅಳೆದು ಸರಿತೂಗಿಸಿದ ದೊರೆ ತಾನೇ ಕೊನೆಗೆ ಆ ಅಳತೆಯಿಂದ ಆಚೆ ಮಲಗಿದ್ದಾನೆ.

ತಲೆಯೆತ್ತಿದರೆ ಗೋಡೆಯ ಮೇಲೆ ಕುರಾನಿನ ಸಾಲುಗಳು. ಅವುಗಳನ್ನು ಬರೆದ ಅಮಾನತ್ ಖಾನ್ ಶಿರಾಜಿ ತನ್ನ ಹೆಸರನ್ನೂ ಹಿಜರಿ 1048ನೆಯ ವರ್ಷವನ್ನೂ (ನಮ್ಮ ಲೆಕ್ಕದಲ್ಲಿ 1638–39) ಆ ಅಕ್ಷರಗಳ ನಡುವೆಯೇ ಕೊರೆಸಿದ್ದಾನೆ. ನನಗೆ ಆ ಲಿಪಿ ಓದಲು ಬಾರದು, ಯಾವ ಮೂಲೆಯಲ್ಲಿದೆಯೆಂದು ತೋರಿಸಬೇಕಾದವನು ಹೊರಗೆ ಮೊಬೈಲ್ ನೋಡುತ್ತ ನಿಂತಿದ್ದ. ನಾನು ಕತ್ತು ನೋಯುವವರೆಗೆ ಸುಮ್ಮನೆ ಮೇಲೆ ನೋಡಿ ಹೊರಬಂದೆ. ಬರುವಾಗ, ಅಂಗಳದ ಕೆಂಪುಗಲ್ಲಿನ ಹಾಸಿನಲ್ಲಿ, ನಕ್ಷತ್ರದಂಥ ಒಂದು ಸಣ್ಣ ಗೀರು ಕಾಲಬಳಿ ಕಂಡಿತು. ಕಲ್ಲುಕುಟಿಗರು ತಮ್ಮ ಗುರುತಿಗಾಗಿ ಬಾಣ, ಮೀನು, ನಕ್ಷತ್ರಗಳನ್ನು ಇಲ್ಲಿಯ ಕಲ್ಲುಗಳಲ್ಲಿ ಕೊರೆದಿದ್ದಾರೆಂದು ಓದಿದ್ದೆ. ಮೊಣಕಾಲನ್ನು ಶಪಿಸುತ್ತಲೇ ಬಗ್ಗಿ ಅದನ್ನು ಮುಟ್ಟಿದೆ. ಹೆಸರು ತಿಳಿಯದ ಒಬ್ಬ ಮನುಷ್ಯನ ಕೈ ಅಲ್ಲಿತ್ತು, ಕತ್ತರಿಸದ ಕೈ. ನಿನ್ನೆಯ ದಿನದ ಸಂತೋಷವೆಲ್ಲ ಅದೊಂದು ಗೀರಿನಲ್ಲಿದೆ.

ಹನ್ನೆರಡು ದಾಟುವ ಮೊದಲೇ ನಮ್ಮನ್ನು ಹೊರಡಿಸಿ ಒಂದು ಅಮೃತಶಿಲೆಯ ಅಂಗಡಿಗೆ ಕರೆದೊಯ್ದ. ಅದನ್ನು ಅಂಗಡಿ ಎನ್ನಬಾರದಂತೆ, ‘ಕಲಾಕೇಂದ್ರ’. ಇಲ್ಲಿ ಗೈಡಿನ ಮುಖವೇ ಅರಳಿತು. ನೆಲದ ಮೇಲೆ ಕುಳಿತು ಸಾಣೆಚಕ್ರಕ್ಕೆ ಚೂರು ಕಲ್ಲನ್ನು ಒತ್ತಿಹಿಡಿದು ಹೂವಿನ ದಳ ತೀಡುತ್ತಿದ್ದ ಮೂವರನ್ನು ತೋರಿಸಿ ಅವನು ಹೇಳಿದ್ದು ಇಷ್ಟು: ‘ಇವರು ತಾಜ್‌ಮಹಲ್ ಕಟ್ಟಿದ ಅದೇ ಕೈಗಳ ವಂಶದವರು, ತಂದೆಯಿಂದ ಮಗನಿಗೆ ಕಲಿಸುತ್ತ ಬಂದ ವಿದ್ಯೆ ಇದು.’

ಗಮನಿಸಬೇಕು: ಒಂದು ಗಂಟೆಯ ಹಿಂದೆ ಎಲ್ಲರ ಕೈಗಳನ್ನೂ ಕತ್ತರಿಸಿದ್ದವನೇ ಈಗ ಆ ಕೈಗಳಿಂದಲೇ ಮಕ್ಕಳಿಗೆ ವಿದ್ಯೆ ಕಲಿಸಿಬಿಟ್ಟ. ಅಂಗಳದಲ್ಲಿ ಕಣ್ಣೀರಿಗೆ ಬೇಕಾದದ್ದು ಒಂದು ಕಥೆ, ಅಂಗಡಿಯಲ್ಲಿ ವ್ಯಾಪಾರಕ್ಕೆ ಬೇಕಾದದ್ದು ಇನ್ನೊಂದು.

ಆ ಮೂವರಲ್ಲಿ ನಡುವಯಸ್ಸಿನ ಒಬ್ಬನ ಪಕ್ಕದಲ್ಲಿ ನಾನು ಕುಳಿತೆ. ಪರ್ಚಿನ್‌ಕಾರಿ ಎಂಬ ಈ ಕೆಲಸದಲ್ಲಿ ಅಮೃತಶಿಲೆಯನ್ನು ಕೊರೆದು, ತೀಡಿದ ಬಣ್ಣದ ಕಲ್ಲಿನ ಚೂರುಗಳನ್ನು ಆ ತಗ್ಗಿನಲ್ಲಿ ಕೂದಲೆಳೆಯಷ್ಟೂ ಸಂದು ಕಾಣದಂತೆ ಕೂರಿಸುತ್ತಾರೆ. ರಾಜಸ್ಥಾನದ ಮಕ್ರಾನಾದ ಬಿಳಿಗಲ್ಲಿಗೆ ಅಫ್ಘಾನಿಸ್ತಾನದ ನೀಲಿಗಲ್ಲು ಬಂದು ಸೇರಿದ ಬಗೆ ಇದು. ಅವನ ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳು ಚಕ್ರಕ್ಕೆ ತಾಗಿ ತಾಗಿ ಅರ್ಧಕ್ಕೆ ಸವೆದಿದ್ದವು. ದಿನಕ್ಕೆಷ್ಟು ಸಿಗುತ್ತದೆ ಎಂದು ಕೇಳಿದಾಗ ಅವನು ಉತ್ತರಿಸುವ ಮೊದಲು ಮಾಲೀಕನ ಕಡೆಗೆ ನೋಡಿದ, ಉತ್ತರಿಸಲಿಲ್ಲ. ಸುಳ್ಳು ಕೈಗಳಿಗಾಗಿ ಮರುಗಿದ ನಮ್ಮ ತಂಡದವರು ಈ ಕೈಗಳ ಮುಂದೆ ಅರ್ಧ ನಿಮಿಷವೂ ನಿಲ್ಲಲಿಲ್ಲ. ಒಳಕೋಣೆಯಲ್ಲಿ ದೀಪ ಆರಿಸಿ, ಕಲ್ಲಿನ ಹೂವಿನ ಕೆಳಗೆ ಟಾರ್ಚ್ ಹಿಡಿದು ಕೆಂಡದಂತೆ ಹೊಳೆಯಿಸುವ ಆಟ ಶುರುವಾಗಿತ್ತು. ಅಲ್ಲಿ ನಾವು ಕಳೆದದ್ದು 70 ನಿಮಿಷ. ತಾಜ್‌ಮಹಲಿಗಿಂತ 15 ನಿಮಿಷ ಹೆಚ್ಚು, ಬೇಕಾದವರು ಕಳೆದು ನೋಡಿಕೊಳ್ಳಬಹುದು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಗೊತ್ತುಪಡಿಸಿದ ಹೋಟೆಲಿನಲ್ಲಿ ಸಪ್ಪೆ ಊಟ, ಅದಾದ ಮೇಲೆ ಚರ್ಮದ ಅಂಗಡಿ, ಅದಾದ ಮೇಲೆ ಪೇಠಾದ ಅಂಗಡಿ, ಆಗ್ರಾ ಕೋಟೆಯ ‘ಹೊರನೋಟ’. ಕಾರಿನಲ್ಲಿ ಹೋಗುತ್ತ ಯಮುನೆಯ ಆಚೆ ದಡ ತೋರಿಸಿ, ಶಹಜಹಾನ್ ತನಗಾಗಿ ಅಲ್ಲಿ ಕಟ್ಟಿಸಹೊರಟಿದ್ದನೆನ್ನುವ ಕರಿಯ ತಾಜ್‌ಮಹಲಿನ ಕಥೆಯನ್ನೂ ಒಪ್ಪಿಸಿದ. ಆಚೆ ದಡದ ಮೆಹತಾಬ್ ಬಾಗ್ ಎಂಬ ತೋಟವನ್ನು ಅಗೆದಾಗ ಸಿಕ್ಕದ್ದು ಕರಿಯ ಗೋರಿಯ ಅಡಿಪಾಯವಲ್ಲ, ಬಿಳಿಯ ತಾಜ್‌ಮಹಲಿನ ಬಿಂಬ ಮೂಡುವಂತೆ ಕಟ್ಟಿದ ಎಂಟು ಮೂಲೆಯ ದೊಡ್ಡ ಕೊಳ. ಕರಿಗಲ್ಲೆಂದು ತಿಳಿದದ್ದು ಕಾಲಕ್ಕೆ ಕಪ್ಪಾದ ಬಿಳಿಗಲ್ಲು. ಬೆಳದಿಂಗಳಿನ ತೋಟದಲ್ಲಿ ಕುಳಿತು ನೀರಿನಲ್ಲಿ ತಾಜ್ ನೋಡುವ ಏರ್ಪಾಡು! ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಅದೇ ಯಮುನೆ ಇಂದು ಎಷ್ಟು ಕೊಳೆತಿದೆಯೆಂದರೆ, ಅದರ ನೀರಿನಲ್ಲಿ ಹುಟ್ಟುವ ಕೀಟಗಳ ಹಿಕ್ಕೆಯಿಂದ ಅಮೃತಶಿಲೆಗೆ ಹಸಿರು ಕಲೆ ಹತ್ತುತ್ತಿದೆ. ಅದನ್ನೂ ಅವನು ಹೇಳಲಿಲ್ಲ, ಅದರಲ್ಲಿ ಕಮಿಷನ್ ಇಲ್ಲವಲ್ಲ.

ಗೈಡಿನ ಹೊಟ್ಟೆಪಾಡು ನೋಡಬೇಡವೇ ಎಂದು ನಿನ್ನೆ ರಾತ್ರಿಯೇ ಮಗಳು ವಾದ ಮಾಡಿದಳು. ಸಂಸ್ಥೆ ಅವನಿಗೆ ಕೊಡುವುದು ಅಲ್ಪವಂತೆ, ಉಳಿದದ್ದನ್ನು ಅಂಗಡಿಗಳಿಂದ ದುಡಿದುಕೊಳ್ಳಬೇಕಂತೆ. ಇರಬಹುದು. ಹಾಗಿದ್ದರೆ ಆ ದುಡ್ಡನ್ನು ನಮ್ಮಿಂದಲೇ ನೇರವಾಗಿ ಕೇಳಲಿ, ಕೊಡುತ್ತೇನೆ. ನನ್ನ ಎರಡು ಗಂಟೆಯನ್ನು ನನ್ನ ಬೆನ್ನ ಹಿಂದೆ ಮಾರಿ ಹೊಟ್ಟೆ ಹೊರೆಯುವುದು ಬೇಡ. ಅಷ್ಟಕ್ಕೂ ಸುಳ್ಳು ಹೇಳುವುದಕ್ಕೂ ನಿಜ ಹೇಳುವುದಕ್ಕೂ ತಗಲುವ ಉಸಿರು ಒಂದೇ. ಅಹಮದ್ ಲಾಹೋರಿಯ ಹೆಸರು ಹೇಳಿದ್ದರೆ ಅವನ ಯಾವ ಕಮಿಷನ್ ಕಡಿಮೆಯಾಗುತ್ತಿತ್ತು?

ಇಷ್ಟು ಬರೆದ ಮೇಲೆ ಒಂದು ವಿಷಯವನ್ನು ನಾನೂ ಒಪ್ಪಿಕೊಳ್ಳಬೇಕಾಗಿದೆ, ಇಲ್ಲದಿದ್ದರೆ ಅಕ್ಕನೇ ಬಂದು ಕೆಳಗೆ ಬರೆಯುತ್ತಾಳೆ. ನಾವು ಬೆಳೆದದ್ದು ಗೋಳಗುಮ್ಮಟದ ನೆರಳಿನಲ್ಲಿ. ಹತ್ತು ಹನ್ನೊಂದು ವರ್ಷದವಳಿದ್ದಾಗ ನಾನು ರಜೆಯ ದಿನಗಳಲ್ಲಿ ಪರಊರಿನವರ ಹಿಂದೆ ಗುಮ್ಮಟ ಹತ್ತಿ, ಪಿಸುಗುಟ್ಟುವ ಮೊಗಸಾಲೆಯಲ್ಲಿ ಅವರನ್ನು ನಿಲ್ಲಿಸಿ, ‘ನನ್ನ ಮೇಲೆ ಪ್ರೀತಿಯಿದ್ದರೆ ಇಲ್ಲಿಂದ ಹಾರು ಎಂದು ಮಹಮ್ಮದ್ ಆದಿಲ್‌ಶಾಹ ತನ್ನ ಪ್ರೇಯಸಿ ರಂಭಾಳಿಗೆ ಹೇಳಿದ, ಅವಳು ಹಾರಿಯೇಬಿಟ್ಟಳು’ ಎಂದು, ಅವಳು ಹಾರಿದ ಜಾಗವನ್ನೂ ಬೆರಳಿಟ್ಟು ತೋರಿಸುತ್ತಿದ್ದೆ. ಆ ಜಾಗವನ್ನು ಆಯ್ದುಕೊಂಡದ್ದು ನಾನೇ, ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿತ್ತು. ನಾಲ್ಕಾಣೆ, ಎಂಟಾಣೆ ಸಿಗುತ್ತಿದ್ದವು. ಟೀಚರ್ ಆದ ಮೇಲೂ ದೊಡ್ಡವಳಾದೆನೆಂದು ಹೇಳಲಾರೆ: ನಮ್ಮೂರಿನ ಇಬ್ರಾಹಿಂ ರೋಜಾ ಎಂಬ ಗೋರಿಯನ್ನು ನೋಡಿಯೇ ತಾಜ್‌ಮಹಲ್ ಕಟ್ಟಿದರು ಎಂದು ಎಷ್ಟು ತರಗತಿಗಳಿಗೆ ಹೆಮ್ಮೆಯಿಂದ ಹೇಳಿಲ್ಲ! ಆ ರೋಜಾ ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರು ಅಲ್ಲಿಯೇ ಕಲ್ಲಿನಲ್ಲಿದೆ, ಅದನ್ನು ಹೇಳಿದ್ದರೆ ಸಾಕಾಗುತ್ತಿತ್ತು. 1636ರಲ್ಲಿ, ಅತ್ತ ತಾಜ್‌ಮಹಲಿನ ಗೋಡೆಗಳು ಏಳುತ್ತಿರುವಾಗಲೇ, ಇತ್ತ ವಿಜಾಪುರ ಶಹಜಹಾನನಿಗೆ ತಲೆಬಾಗಿ ಒಪ್ಪಂದ ಮಾಡಿಕೊಂಡಿತ್ತು. ಆ ಸೋಲನ್ನು ತೀರಿಸಿಕೊಳ್ಳುವ ನಮ್ಮೂರಿನ ಬಗೆ ಇದಾಗಿರಬೇಕು. ಆದರೂ ಒಂದು ಮಾತು. ನಾನು ಯಾರನ್ನೂ ಗುಮ್ಮಟದಿಂದ ಬೇಗ ಇಳಿಸಿ ಅಂಗಡಿಗೆ ಒಯ್ಯಲಿಲ್ಲ.

ಸಂಜೆ ಮರಳುವ ಗಾಡಿಯಲ್ಲಿ ಅಕ್ಕ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಅಂಗೈಯಷ್ಟಗಲದ ಅಮೃತಶಿಲೆಯ ಡಬ್ಬಿ, ಮುಚ್ಚಳದ ಮೇಲೆ ಕೆಂಪು ಹೂವು. ಹದಿನೆಂಟು ಸಾವಿರದಿಂದ ಇಳಿಸುತ್ತ ಮೂರೂವರೆ ಸಾವಿರಕ್ಕೆ ತಂದೆನೆಂದು ಅವಳ ಮುಖ ಬೆಳಗುತ್ತಿತ್ತು. ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ. ದಳದ ಅಂಚನ್ನು ಬೆರಳಿನಿಂದ ಸವರಿ ನೋಡಿದರೆ ಸಂದು ತಾಗಲಿಲ್ಲ, ಕೆಲಸ ನಿಜಕ್ಕೂ ಚೆನ್ನಾಗಿತ್ತು. ಅಷ್ಟರಲ್ಲಿ ಅವಳು ಎದುರು ಸೀಟಿನ ಮರಾಠಿ ಹೆಂಗಸಿಗೆ, ತನ್ನ ದಖನಿ ಬೆರೆತ ಹಿಂದಿಯಲ್ಲಿ, ಮಣಿಕಟ್ಟಿನ ಮೇಲೆ ಕೈ ಆಡಿಸುತ್ತ, ಆ ಕಥೆಯನ್ನು ಶುರುಮಾಡಿದ್ದಳು. ಗೈಡಿಗಿಂತ ಚೆನ್ನಾಗಿ ಹೇಳಿದಳು.

ಮುಂದಿನ ತಿಂಗಳು ಅವಳ ಬೀಗರು ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುತ್ತಾರಂತೆ, ಗುಮ್ಮಟ ತೋರಿಸುವ ಕೆಲಸ ನನ್ನದಂತೆ. ಶಾಲೆಯ ಮಕ್ಕಳ ದಂಡು ಬಂದು ಕೂಗೆಬ್ಬಿಸುವ ಮೊದಲೇ, ಬೆಳಿಗ್ಗೆ ಬೇಗ ಹತ್ತಬೇಕೆಂದು ನಾನು ಷರತ್ತು ಹಾಕಿದ್ದೇನೆ. ಅಕ್ಕನದು ಒಂದೇ ಷರತ್ತು: ‘ರಂಭಾನ ಕಥಿ ಬಿಡಬ್ಯಾಡ.’